ಅದೇ ಹಾಡು, ಆದರೂ ಅಪ್ಪ ‘ಇದಲ್ಲ’ ಅಂತಾರೆ. ಯಾಕೆ?

ಪ್ರಶ್ನೆ: ನನಗೆ 27 ವರ್ಷ. ಅಪ್ಪನಿಗೆ 60 ದಾಟಿದೆ. ನಮ್ಮ ಮನೆಯಲ್ಲಿ ಯಾವಾಗಲೂ ಹಳೆಯ ಕನ್ನಡ ಚಿತ್ರಗೀತೆಗಳೇ. ಚಿಕ್ಕವಳಿದ್ದಾಗ ಬೇಜಾರಾಗುತ್ತಿತ್ತು. ಈಗ ನಾನೇ ಹುಡುಕಿಕೊಂಡು ಕೇಳುತ್ತೇನೆ. ‘ಬಯಲುದಾರಿ’ ಚಿತ್ರದ ‘ಬಾನಲ್ಲೂ ನೀನೆ’ ಕೇಳಿದರೆ ಗಂಟಲು ಕಟ್ಟುತ್ತದೆ. ಆ ಕಾಲವನ್ನು ನಾನು ಕಂಡವಳೇ ಅಲ್ಲ, ಮತ್ತೆ ಯಾಕೆ ಹೀಗೆ? ಹಳೆಯ ಹಾಡುಗಳು ನಿಜವಾಗಿಯೂ ಅಷ್ಟು ಚೆನ್ನಾಗಿದ್ದವಾ, ಇಲ್ಲಾ ಇದು ಅಪ್ಪನ ಮೇಲಿನ ಪ್ರೀತಿಯಾ? ಇನ್ನೊಂದು ವಿಷಯ. ಅಪ್ಪ ಹುಡುಗರಾಗಿದ್ದಾಗ ಈ ಹಾಡನ್ನು ಪಕ್ಕದ ಮನೆಯ ರೇಡಿಯೋದಲ್ಲಿ ಕೇಳುತ್ತಿದ್ದರಂತೆ. ಈಗ ಫೋನಿನಲ್ಲಿ ಹಾಕಿಕೊಟ್ಟರೆ ಒಂದು ನಿಮಿಷ ಕೇಳಿ, ‘ಇದು ಆ ಹಾಡಲ್ಲ ಕಣೇ’ ಅಂತಾರೆ. ಅದೇ ಗಾಯಕಿ, ಅದೇ ಸಾಹಿತ್ಯ. ತಪ್ಪು ಅವರ ಕಿವಿಯದ್ದೋ, ನನ್ನ ಕಿವಿಯದ್ದೋ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಮೊದಲನೆಯದಕ್ಕೂ ಅಲ್ಲೇ ದಾರಿ ಸಿಗುತ್ತದೆ.

ನಿಮ್ಮ ತಂದೆಯವರ ಕಿವಿಯಲ್ಲಿ ತಪ್ಪಿಲ್ಲ. ನಿಮ್ಮದರಲ್ಲೂ ಇಲ್ಲ. ನೀವಿಬ್ಬರೂ ಒಂದೇ ಹಾಡಿನ ಎರಡು ಬೇರೆ ಬೇರೆ ಶಬ್ದಗಳನ್ನು ಕೇಳುತ್ತಿದ್ದೀರಿ, ಅಷ್ಟೇ. ನಾನು ಬಹಳ ವರ್ಷಗಳಿಂದ ಹಳೆಯ ರೆಕಾರ್ಡು, ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ‘ಇದು ಆ ಹಾಡಲ್ಲ’ ಅನ್ನುವ ಮಾತನ್ನು ಎಷ್ಟು ಜನ ಹಿರಿಯರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ಅದು ವಯಸ್ಸಿನ ಮಾತು ಅಂದುಕೊಂಡಿದ್ದೆ. ಆಮೇಲೆ ಅವರು ಇಟ್ಟುಕೊಂಡಿದ್ದ ಹಳೆಯ ಪ್ಲೇಟನ್ನೂ ಈಗ ಸಿಗುವ ಫೈಲನ್ನೂ ಪಕ್ಕಪಕ್ಕ ಇಟ್ಟು ಕೇಳತೊಡಗಿದೆ. ಹೆಚ್ಚಿನ ಸಲ ಅವರು ಹೇಳಿದ್ದೇ ಸರಿ ಇರುತ್ತಿತ್ತು.

ಮೊದಲು ನೋಡಬೇಕಾದದ್ದು ವೇಗ. ರೆಕಾರ್ಡು ತಿರುಗುವ ವೇಗ, ಟೇಪು ಓಡುವ ವೇಗ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಶ್ರುತಿ ಬದಲಾಗುತ್ತದೆ. ವೇಗ ಶೇಕಡಾ 6ರಷ್ಟು ಜಾಸ್ತಿಯಾದರೆ ಹಾಡು ಸರಿಯಾಗಿ ಅರ್ಧ ಸ್ವರ ಮೇಲೇರುತ್ತದೆ. ಹಾರ್ಮೋನಿಯಂನಲ್ಲಿ ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ ಹೋದ ಹಾಗೆ. ಮೂರೂವರೆ ನಿಮಿಷದ ಹಾಡು 12 ಸೆಕೆಂಡು ಮೊದಲೇ ಮುಗಿಯುತ್ತದೆ. 12 ಸೆಕೆಂಡು ಯಾರಿಗೆ ಗೊತ್ತಾಗುತ್ತದೆ ಅಂತೀರಾ? ಗಡಿಯಾರ ನೋಡುವವರಿಗೆ ಗೊತ್ತಾಗುವುದಿಲ್ಲ. ಆದರೆ ಗಂಟಲು ಬದಲಾದದ್ದು ಕಿವಿಗೆ ಗೊತ್ತಾಗುತ್ತದೆ. ನಿಮ್ಮ ಹಾಡಿನ ಗಾಯಕಿ ಎಸ್. ಜಾನಕಿಯಮ್ಮನ ದನಿ ಸ್ವಲ್ಪ ಎಳೆಯದಾಗುತ್ತದೆ, ತೆಳ್ಳಗಾಗುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ದನಿಯಲ್ಲಿ ಆ ತಗ್ಗಿನ ತೂಕ ಹೋಗುತ್ತದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡುತ್ತಾ ಮಾಡುತ್ತಾ ವೇಗ ತಪ್ಪಿದ ಹಾಡುಗಳು ಇವತ್ತು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟಿವೆ. ಕೆಲವರು ಹಕ್ಕುದಾರರ ಕಣ್ಣಿಗೆ ಬೀಳಬಾರದು ಅಂತ ಬೇಕೆಂದೇ ಶ್ರುತಿ ಏರಿಸಿ ಹಾಕುವುದೂ ಉಂಟು. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಅದೇ ಹಾಡಿನ ಎರಡು ಮೂರು ಪ್ರತಿ ಹುಡುಕಿ, ಶ್ರುತಿಪೆಟ್ಟಿಗೆ ಆ್ಯಪ್ ಹಾಕಿಕೊಂಡು ಪ್ರತಿಯೊಂದರ ಷಡ್ಜ, ಅಂದರೆ ಆಧಾರದ ‘ಸ’ ಸ್ವರ, ಎಲ್ಲಿದೆ ನೋಡಿ. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಸ್ವರ ವ್ಯತ್ಯಾಸ ಬಂದರೆ ಎರಡರಲ್ಲಿ ಒಂದು ತಪ್ಪು ವೇಗದ್ದು ಅಂತಲೇ ಲೆಕ್ಕ. ಯಾವುದು ಸರಿ ಅಂತ ಕೇಳಬೇಕಾದ್ದು ನಿಮ್ಮ ತಂದೆಯವರನ್ನೇ.

ಎರಡನೆಯದು, ಅದು ನಿಜವಾಗಿಯೂ ಬೇರೆ ಹಾಡೇ ಆಗಿರುವ ಸಾಧ್ಯತೆ. ಸಿನಿಮಾದಲ್ಲಿ ಬರುವ ಹಾಡಿಗೂ ರೆಕಾರ್ಡಿನಲ್ಲಿ ಬರುವ ಹಾಡಿಗೂ ವ್ಯತ್ಯಾಸ ಇರುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಮೇಲೆ ಸ್ವಲ್ಪ. ಆಮೇಲೆ ಬಂದ ಚಿಕ್ಕ ಇಪಿ ತಟ್ಟೆಯಲ್ಲಿ ಮಗ್ಗುಲಿಗೆ ಎರಡರಂತೆ ನಾಲ್ಕು ಹಾಡು ಕೂರಿಸುತ್ತಿದ್ದರು. ಹಿಡಿಸದೇ ಇದ್ದರೆ ಒಂದು ಚರಣ ಹೋಗುತ್ತಿತ್ತು, ಇಲ್ಲಾ ನಡುವಿನ ವಾದ್ಯದ ತುಣುಕು ಹೋಗುತ್ತಿತ್ತು. ಕ್ಯಾಸೆಟ್ ಕಾಲದಲ್ಲಿ ಹಿಟ್ ಹಾಡುಗಳನ್ನು ಬೇರೆ ಗಾಯಕರಿಂದ ಮತ್ತೆ ಹಾಡಿಸಿ ಮಾರಿದ್ದೂ ಇದೆ. ನೀವು ಕೇಳಿದ್ದರಲ್ಲಿ ಗಾಯಕಿ ಅವರೇ ಅಂದಿದ್ದೀರಿ, ಆದ್ದರಿಂದ ಇದನ್ನು ಇಲ್ಲಿಗೇ ಬಿಡೋಣ.

ಮೂರನೆಯದೇ ನನಗೆ ಮುಖ್ಯ ಅನಿಸುವುದು. ನಿಮ್ಮ ತಂದೆಯವರು ನೆನಪಿಟ್ಟುಕೊಂಡಿರುವುದು ಬರೀ ರಾಗವನ್ನಲ್ಲ. ಆ ರೇಡಿಯೋದ ದನಿಯನ್ನೂ ಸೇರಿಸಿ.

ನಮ್ಮ ಕಿವಿ 20 ಹರ್ಟ್ಜ್‌ನಿಂದ ಸುಮಾರು 20,000 ಹರ್ಟ್ಜ್‌ವರೆಗೆ ಕೇಳುತ್ತದೆ ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಮೀಡಿಯಂ ವೇವ್ ರೇಡಿಯೋ ಅಷ್ಟನ್ನೆಲ್ಲ ಹೊರುವುದಿಲ್ಲ. 5,000 ಹರ್ಟ್ಜ್ ಆಸುಪಾಸಿನಲ್ಲೇ ಅದರ ಬಾಗಿಲು ಮುಚ್ಚುತ್ತದೆ. ತಾಳದ ಕಿಣಿಕಿಣಿ, ‘ಸ’ಕಾರದ ಸುಯ್ಯೆನ್ನುವ ಅಂಚು, ಎಲ್ಲ ಹೊರಗೇ ಉಳಿಯುತ್ತದೆ. ಒಳಗೆ ಬರುವುದು ಮುಖ್ಯವಾಗಿ ಮನುಷ್ಯನ ದನಿ. ಅದೂ ಮರದ ಪೆಟ್ಟಿಗೆಯ ರೇಡಿಯೋ ಆದರೆ ಪೆಟ್ಟಿಗೆಯೂ ದನಿಯ ಜೊತೆ ಸ್ವಲ್ಪ ಮಿಡಿಯುತ್ತದೆ. ಹೀಗಾಗಿ ದನಿ ದುಂಡಗೆ, ಬೆಚ್ಚಗೆ ಕೇಳುತ್ತದೆ. ಪಕ್ಕದ ಮನೆಯಿಂದ ಬರುವಾಗ ಗೋಡೆ, ಕಿಟಕಿ, ಅಂಗಳ ದಾಟಿ ಇನ್ನಷ್ಟು ಮೆತ್ತಗಾಗಿ ಬರುತ್ತದೆ. ನಿಮ್ಮ ಫೋನಿನ ಕಡ್ಡಿಯಷ್ಟು ಸ್ಪೀಕರ್ ಮಾಡುವುದು ಇದರ ಉಲ್ಟಾ. ತಗ್ಗಿನ ದನಿಯನ್ನು ಅದು ಹೊರಡಿಸಲಾರದು, ಮೇಲಿನ ಚೂಪನ್ನೆಲ್ಲ ಮುಂದೆ ತಳ್ಳುತ್ತದೆ. ಅಲ್ಲಿ ಕೇಳುತ್ತಿದ್ದದ್ದು ಇಲ್ಲಿಲ್ಲ, ಇಲ್ಲಿ ಕೇಳುವುದು ಅಲ್ಲಿರಲಿಲ್ಲ. ನಿಮ್ಮ ತಂದೆಯವರು ‘ಇದು ಆ ಹಾಡಲ್ಲ’ ಅಂದದ್ದು ಎಷ್ಟು ನಿಖರವಾದ ಮಾತು ನೋಡಿ.

ಇದರ ಮೇಲೆ ಇನ್ನೊಂದು. ಈಗ ಹಳೆಯ ಹಾಡುಗಳನ್ನು ‘ಕ್ಲೀನ್’ ಮಾಡಿ ಬಿಡುವಾಗ ಮೆಲ್ಲಗಿನ ಜಾಗಗಳನ್ನೂ ಎತ್ತಿ ಜೋರು ಮಾಡುತ್ತಾರೆ, ಹಿನ್ನೆಲೆಯ ಸುಯ್ ಶಬ್ದ ಒರೆಸುತ್ತಾರೆ. ನಾನೂ ಈ ತಪ್ಪು ಮಾಡಿದ್ದೇನೆ. ಕೆಲಸ ಕಲಿಯುವ ಹೊತ್ತಿನಲ್ಲಿ ಒಂದು ಹಾಡಿನ ಸುಯ್ಯನ್ನೆಲ್ಲ ತೆಗೆದು, ಗಾಜಿನ ಹಾಗೆ ಮಾಡಿ, ರೆಕಾರ್ಡು ಕೊಟ್ಟ ಹಿರಿಯರಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ‘ಉಸಿರೇ ಇಲ್ವಲ್ಲಪ್ಪ’ ಅಂದರು. ವಾಪಸ್ ಬಂದು ನೋಡಿದೆ. ಸುಯ್ ಜೊತೆಗೆ, ಸಾಲು ಶುರುವಾಗುವ ಮುಂಚೆ ಗಾಯಕಿ ಎಳೆದುಕೊಳ್ಳುವ ಸಣ್ಣ ಉಸಿರೂ ಒರೆಸಿಹೋಗಿತ್ತು. ಪೂರಾ ಕೆಲಸ ಮತ್ತೆ ಮಾಡಿದೆ. ಆವತ್ತಿನಿಂದ ಸುಯ್ ಶಬ್ದವನ್ನು ಮುಟ್ಟುವ ಮೊದಲು ಹತ್ತು ಸಲ ಯೋಚಿಸುತ್ತೇನೆ.

ಈಗ ನಿಮ್ಮ ಮೊದಲ ಪ್ರಶ್ನೆ. ನೀವು ಹುಟ್ಟುವ ಮೊದಲಿನ ಹಾಡು ನಿಮ್ಮ ಗಂಟಲು ಕಟ್ಟುವ ಹಾಗೆ ಮಾಡುವುದೇಕೆ?

ಪ್ರೀತಿಯ ಪಾಲು ಇದೆ. ಅದನ್ನು ಅಲ್ಲಗಳೆಯಬೇಡಿ, ನಾಚಿಕೆಯೂ ಬೇಡ. ಹತ್ತು ವರ್ಷದಿಂದ ಇಪ್ಪತ್ತೈದರ ಒಳಗೆ ಕೇಳಿದ ಹಾಡು ಮನಸ್ಸಿನಲ್ಲಿ ಉಳಿದಷ್ಟು ಗಟ್ಟಿಯಾಗಿ ಆಮೇಲಿನದು ಉಳಿಯುವುದಿಲ್ಲ ಅಂತ ಮನಶ್ಶಾಸ್ತ್ರದವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ನಿಮ್ಮ ವಿಷಯದಲ್ಲಿ ಅದಕ್ಕಿಂತ ಹತ್ತಿರದ್ದೊಂದಿದೆ. 2013ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕರೋಲ್ ಕ್ರುಮ್‌ಹಾನ್ಸಲ್ ಅವರು ಜಸ್ಟಿನ್ ಜುಪ್ನಿಕ್ ಜೊತೆ ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಇಪ್ಪತ್ತು ವರ್ಷದ ಆಸುಪಾಸಿನ ಯುವಕ ಯುವತಿಯರಿಗೆ ಹಲವು ದಶಕಗಳ ಹಿಟ್ ಹಾಡು ಕೇಳಿಸಿದರು. ತಮ್ಮ ಕಾಲದ ಹಾಡಿಗೆ ಅವರ ಮನಸ್ಸು ಸ್ಪಂದಿಸಿತು, ಅದು ಸಹಜ. ಆದರೆ ತಮ್ಮ ತಂದೆತಾಯಿ ಹರೆಯದಲ್ಲಿದ್ದ ಕಾಲದ ಹಾಡಿಗೂ ಹಾಗೇ ಸ್ಪಂದಿಸಿತು. ಆ ಹಾಡುಗಳು ಮನೆಯಲ್ಲಿ ಓಡುತ್ತಿದ್ದವು, ಮಕ್ಕಳು ಆಟವಾಡುತ್ತಾ ಕೇಳಿಕೊಂಡಿದ್ದರು. ನೀವು ಚಿಕ್ಕವರಿದ್ದಾಗ ಬೇಜಾರಾಗುತ್ತಿತ್ತು ಅಂದಿರಲ್ಲ, ಆ ಬೇಜಾರಿನ ಹೊತ್ತಿನಲ್ಲೇ ಹಾಡು ಒಳಗೆ ಹೋಗಿದೆ.

ಜರಡಿಯ ಮಾತನ್ನೂ ಹೇಳಿಬಿಡಬೇಕು. 1976ರಲ್ಲಿ ಬಂದ ಎಲ್ಲ ಹಾಡೂ ‘ಬಾನಲ್ಲೂ ನೀನೆ’ ಆಗಿರಲಿಲ್ಲ. ಸಾಧಾರಣವಾದವು ರಾಶಿ ಬಂದವು, ಹೋದವು. ನಮ್ಮವರೆಗೆ ಬಂದಿರುವುದು ಜರಡಿಯಲ್ಲಿ ಉಳಿದ ಕಾಳು. ಅದನ್ನು ಇವತ್ತಿನ ಇಡೀ ಮೂಟೆಗೆ ಹೋಲಿಸಿದರೆ ನ್ಯಾಯವಲ್ಲ.

ಇಷ್ಟೆಲ್ಲ ಕಳೆದ ಮೇಲೂ ಏನೋ ಉಳಿಯುತ್ತದೆ. ನನ್ನ ಅನುಭವದಲ್ಲಿ ಅದರ ಹೆಸರು ‘ಹತ್ತಿರ’. ಹಳೆಯ ಹಾಡಿನಲ್ಲಿ ಗಾಯಕರಿಗೂ ಮೈಕಿಗೂ ನಡುವೆ ಎಷ್ಟು ದೂರ ಇದೆ ಅಂತ ಕೇಳಿಸುತ್ತದೆ. ಆ ದೂರವೇ ನಿಮ್ಮ ಗಂಟಲು ಕಟ್ಟಿಸುತ್ತಿದೆ ಅನ್ನುವುದು ನನ್ನ ನಂಬಿಕೆ.

ಸ್ವಲ್ಪ ಹಿಂದೆ ಹೋಗಬೇಕು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಆಗ ನಟರು, ಗಾಯಕರು ಬರುತ್ತಿದ್ದದ್ದು ಕಂಪನಿ ನಾಟಕಗಳಿಂದ. ಅಲ್ಲಿ ಮೈಕು ಇಲ್ಲದೆಯೇ ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಪದ ತಲುಪಬೇಕು. ಹಾಗಾಗಿ ಎದೆ ತುಂಬಿ, ಶ್ರುತಿ ಏರಿಸಿ ಹಾಡುತ್ತಿದ್ದರು. ಮೈಕಿನ ಮುಂದೆ ಬಂದರೂ ಆ ಅಭ್ಯಾಸ ಕೂಡಲೇ ಬಿಡಲಿಲ್ಲ. ಆರಂಭದ ಚಿತ್ರಗೀತೆಗಳಲ್ಲಿ ಗಾಯಕರು ದೂರದಲ್ಲಿ ನಿಂತು ನಿಮ್ಮನ್ನು ಕರೆಯುತ್ತಾರೆ.

ಪಿ.ಬಿ. ಶ್ರೀನಿವಾಸ್ ಕರೆಯುವುದಿಲ್ಲ. ಪಕ್ಕದಲ್ಲಿ ಕೂತು ಹೇಳುತ್ತಾರೆ. ಮೈಕು ಇಲ್ಲದೇ ಇದ್ದರೆ ಆ ಮಂದ್ರದ, ಮೆತ್ತನೆಯ ದನಿ ನಾಲ್ಕು ಸಾಲು ದಾಟುತ್ತಿತ್ತೋ ಇಲ್ಲವೋ. ಮೈಕು ಇದ್ದದ್ದರಿಂದಲೇ ಅವರು ಗಂಟಲು ಬಿಗಿ ಮಾಡದೆ ಹಾಡಬಹುದಿತ್ತು. 1971ರ ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು ಬೀಳಿಸಿ ನೋಡು’ ಹಾಕಿಕೊಳ್ಳಿ. ಜಿ.ಕೆ. ವೆಂಕಟೇಶ್ ಅವರ ಸಂಗೀತ, ಚಿ. ಉದಯಶಂಕರ್ ಅವರ ಸಾಹಿತ್ಯ. ತಳ್ಳಿದರೂ ಎದ್ದು ಕೂರುವ ಬೊಂಬೆಯನ್ನು ಇಟ್ಟುಕೊಂಡು ಕಟ್ಟಿದ ಹಾಡು. ಅಲ್ಲಿ ‘ನೋಡು’ ಅನ್ನುವ ಪದದ ‘ಡು’ ಕೇಳಿ. ಸವಾಲಿನ ಮಾತು ಅದು, ಬೇರೆ ಯಾರಾದರೂ ಅದನ್ನು ಕುಟ್ಟಿ ಹೇಳಿಯಾರು. ಇವರು ಅದನ್ನು ಕೈಯಿಂದ ಕೆಳಗಿಡುವ ಹಾಗೆ ಇಡುತ್ತಾರೆ. ಸೋಲು ಒಪ್ಪದ ಮನುಷ್ಯ ಕಿರುಚಬೇಕಾಗಿಲ್ಲ ಅಂತ ಆ ಒಂದು ಅಕ್ಷರದಲ್ಲೇ ಗೊತ್ತಾಗುತ್ತದೆ.

ಶರೀರ ರಾಜಕುಮಾರ್ ಅವರದು, ಶಾರೀರ ಪಿ.ಬಿ.ಎಸ್. ಅವರದು ಅನ್ನುವ ಮಾತು ನಮ್ಮಲ್ಲಿ ಇವತ್ತಿಗೂ ಇದೆ. ಅದಾದ ಮೇಲೆ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಅದೇ ಜಿ.ಕೆ. ವೆಂಕಟೇಶ್ ಅವರು ‘ಯಾರೇ ಕೂಗಾಡಲಿ’ ಹಾಡನ್ನು ರಾಜಕುಮಾರ್ ಅವರಿಂದಲೇ ಹಾಡಿಸಿದರು. ಇವೆರಡನ್ನೂ ಒಂದರ ಹಿಂದೆ ಒಂದು ಕೇಳಿ. ರಾಜಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ ಬೆಳೆದವರು. ದನಿಯನ್ನು ಎತ್ತಿ ಎಸೆಯುವುದು ಅವರಿಗೆ ರಕ್ತದಲ್ಲೇ ಇತ್ತು. ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳಿಸುವ ಹಾಗೆ ಹಾಡುತ್ತಾರೆ, ಆ ಹಾಡಿಗೆ ಬೇಕಾದ್ದೂ ಅದೇ. ಒಬ್ಬ ನಟನ ಮುಖದ ಹಿಂದೆ ಎರಡು ದೂರಗಳು. ಯಾವುದು ಮೇಲು ಅಂತ ಜಗಳವಾಡುವವರನ್ನು ನೋಡಿದ್ದೇನೆ. ನನಗೆ ಎರಡೂ ಬೇಕು. ಆದರೆ ರಾತ್ರಿ ಒಬ್ಬನೇ ಕೂತಾಗ ಕೈ ಹೋಗುವುದು ಮೊದಲನೆಯದಕ್ಕೆ.

ಈ ದೂರ ಹತ್ತಿರಗಳು ಅಷ್ಟು ಸ್ಪಷ್ಟವಾಗಿ ಕೇಳಿಸುವುದಕ್ಕೆ ಆಗಿನ ರೆಕಾರ್ಡಿಂಗ್ ಕ್ರಮವೇ ಕಾರಣ. ಅರವತ್ತು ಎಪ್ಪತ್ತರ ದಶಕದ ಕನ್ನಡ ಹಾಡುಗಳು ಹೆಚ್ಚಾಗಿ ರೆಕಾರ್ಡ್ ಆದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಇವತ್ತಿನ ಹಾಗೆ ತಬಲಾ ಒಂದು ದಿನ, ಪಿಟೀಲು ಇನ್ನೊಂದು ದಿನ, ಗಾಯಕಿ ಮುಂದಿನ ವಾರ ಅನ್ನುವ ಹಾಗಿರಲಿಲ್ಲ. ಎಲ್ಲರೂ ಒಟ್ಟಿಗೆ ಬಂದು, ಕೈಬೆರಳೆಣಿಕೆಯ ಮೈಕುಗಳ ಸುತ್ತ ಕೂತು, ಒಂದೇ ಉಸಿರಿಗೆ ಮುಗಿಸಬೇಕು. ಕೊನೆಯ ಚರಣದಲ್ಲಿ ಕೊಳಲಿನವರು ಒಂದು ಸ್ವರ ತಪ್ಪಿದರೆ ಪಲ್ಲವಿಯಿಂದ ಮತ್ತೆ ಟೇಕ್. ಆದ್ದರಿಂದ ಮೊದಲು ರಿಹರ್ಸಲ್, ಆಮೇಲೆ ಮತ್ತೂ ರಿಹರ್ಸಲ್. ಗಾಯಕಿಯ ಗಮಕ ಎಲ್ಲಿ ಬಾಗುತ್ತದೆ ಅಂತ ಪಿಟೀಲಿನವರಿಗೆ ಗೊತ್ತಿರುತ್ತಿತ್ತು. ಅವರು ಬಾಗಿದಲ್ಲಿ ಇವರೂ ಸ್ವಲ್ಪ ತಗ್ಗುತ್ತಿದ್ದರು. ತಾಳ ಎಲ್ಲೋ ಒಂದು ಕೂದಲೆಳೆ ಹಿಂದೆ ಮುಂದೆ ಆಗುತ್ತದೆ, ಎಲ್ಲರೂ ಒಟ್ಟಿಗೇ ಆಗುತ್ತಾರೆ. ಜೊತೆಗೆ ನಡೆಯುವವರ ಹೆಜ್ಜೆ ಹಾಗೆ.

ಮತ್ತೆ ಅದು ಮೋನೋ. ಎಡ ಬಲ ಅನ್ನುವುದಿಲ್ಲ. ಇರುವುದು ಹಿಂದೆ, ಮುಂದೆ ಮಾತ್ರ. ಯಾರನ್ನು ಮೈಕಿಗೆ ಎಷ್ಟು ಹತ್ತಿರ ಕೂರಿಸಬೇಕು ಅನ್ನುವುದೇ ರೆಕಾರ್ಡಿಂಗ್ ಮಾಡುವವರ ಜಾಣ್ಮೆ. ಗಾಯಕಿ ಒಂದು ಗೇಣು ದೂರ, ಕೊಳಲು ನಾಲ್ಕು ಹೆಜ್ಜೆ, ಪಿಟೀಲಿನ ಗುಂಪು ಕೋಣೆಯ ಆ ತುದಿ. ಹಳೆಯ ಹಾಡಿನಲ್ಲಿ ಪಿಟೀಲುಗಳು ಮಂಜಿನ ಹಿಂದಿನಿಂದ ಬಂದಂತೆ ಕೇಳುವುದು ಇದೇ ಕಾರಣಕ್ಕೆ. ಅದು ಕೋಣೆಯ ಗಾಳಿ. ಇಂಥ ಹಾಡಿಗೆ ಈಗ ಸುಳ್ಳು ಸ್ಟೀರಿಯೋ ಮಾಡಿ ಎಡಕ್ಕೊಂದು ಬಲಕ್ಕೊಂದು ಹಂಚಿದರೆ ಆ ಆಳ ಪೂರಾ ಹೋಗಿಬಿಡುತ್ತದೆ. ನಿಮಗೆ ಆಯ್ಕೆ ಇದ್ದರೆ ಮೋನೋ ಪ್ರತಿಯನ್ನೇ ಹಿಡಿಯಿರಿ.

ಒಂದು ಹಾಡನ್ನು ಹತ್ತಿರದಿಂದ ನೋಡೋಣ. 1967ರ ‘ಬೆಳ್ಳಿಮೋಡ’ ಚಿತ್ರಕ್ಕೆ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ತೆಗೆದುಕೊಂಡರು. ಸಂಗೀತ ವಿಜಯಭಾಸ್ಕರ್, ಹಾಡಿದವರು ಎಸ್. ಜಾನಕಿ. ಮೊದಲ ಮೂರು ಪದ ‘ಮೂಡಲ ಮನೆಯ ಮುತ್ತಿನ’. ನೀವೇ ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಮೂರು ಸಲ ತುಟಿ ಮುಚ್ಚಿ ತೆರೆಯಬೇಕು. ‘ಮ’ ಹೇಳುವಾಗ ತುಟಿ ಮುಚ್ಚಿರುತ್ತದೆ, ದನಿ ಮೂಗಿನಲ್ಲಿ ಗುಂಯ್ ಅನ್ನುತ್ತದೆ, ಆಮೇಲೆ ಬಾಗಿಲು ತೆರೆದ ಹಾಗೆ ಸ್ವರ ಹೊರಗೆ ಬರುತ್ತದೆ. ಬೆಳಗಾಗುವುದೂ ಹಾಗೇ ಅಲ್ವಾ? ಬೇಂದ್ರೆಯವರ ಕಿವಿ ಅಂಥದ್ದು. ಈಗ ಜಾನಕಿಯಮ್ಮ ಏನು ಮಾಡುತ್ತಾರೆ ಕೇಳಿ. ಆ ‘ಮ’ಕಾರಗಳನ್ನು ಅವಸರದಲ್ಲಿ ದಾಟುವುದಿಲ್ಲ. ತುಟಿ ಮುಚ್ಚಿರುವ ಆ ಚೂರು ಹೊತ್ತಿನಲ್ಲೂ ಶ್ರುತಿ ನಿಂತಿರುತ್ತದೆ. ದೂರ ನಿಂತು ಹಾಡಿದ್ದರೆ ಇದು ಯಾರಿಗೂ ಕೇಳುತ್ತಿರಲಿಲ್ಲ. ಮೈಕಿನ ಗೇಣು ದೂರದಲ್ಲಿ ನಿಂತಿದ್ದರಿಂದ ಮುಚ್ಚಿದ ತುಟಿಯೂ ಹಾಡಾಯಿತು. ನೀವು ‘ಗಂಟಲು ಕಟ್ಟುತ್ತದೆ’ ಅಂದಿರಲ್ಲ, ಅಷ್ಟು ಹತ್ತಿರದಿಂದ ನಮ್ಮ ಜೊತೆ ಮಾತಾಡುವವರು ಅಮ್ಮ, ಅಪ್ಪ, ತೀರಾ ಬೇಕಾದವರು ಮಾತ್ರ. ಮೈಗೆ ಅದು ಗೊತ್ತು.

ಇನ್ನೊಂದು ಸಂಗತಿ ನನ್ನನ್ನು ಯಾವಾಗಲೂ ಮುಟ್ಟುತ್ತದೆ. ನಾವು ಕನ್ನಡದ ದನಿಗಳು ಅಂತ ಎದೆಗೆ ಹಚ್ಚಿಕೊಂಡ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲಾ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಇವರೆಲ್ಲರ ಮನೆಮಾತು ತೆಲುಗು. ವಾಣಿ ಜಯರಾಂ ಅವರದು ತಮಿಳು. ಕನ್ನಡದ ಸಾಲನ್ನು ಬರೆದುಕೊಂಡು, ಅರ್ಥ ಕೇಳಿಕೊಂಡು, ಒಂದೊಂದು ಅಕ್ಷರ ತಿದ್ದಿಸಿಕೊಂಡು ಹಾಡಿದರು. ನಾವು ಹುಟ್ಟಿನಿಂದ ಆಡುವವರು ಮಾತಿನ ಕೊನೆಯನ್ನು ನುಂಗಿಬಿಡುತ್ತೇವೆ. ‘ಹೋಗುತ್ತೇನೆ’ ನಮ್ಮ ಬಾಯಲ್ಲಿ ‘ಹೋಗ್ತೀನಿ’ ಆಗುತ್ತದೆ. ಕಲಿತವರು ನುಂಗುವುದಿಲ್ಲ. ಅವರ ಬಾಯಲ್ಲಿ ಳಕಾರ ಳಕಾರವೇ, ಒತ್ತಕ್ಷರ ಒತ್ತಕ್ಷರವೇ. ಆ ಕಾಲದ ಹಾಡಿನ ಸಾಹಿತ್ಯ ಒಂದೇ ಕೇಳುವಿಕೆಗೆ ಅರ್ಥವಾಗುವುದರ ಹಿಂದೆ ಇವರ ಈ ಪರದಾಟವೂ ಇದೆ. ಅಂಥ ಗೌರವದಿಂದ ನಮ್ಮ ನುಡಿಯನ್ನು ಮುಟ್ಟಿದವರಿಗೆ ನಾವು ಎಷ್ಟು ಋಣಿಯಾಗಿದ್ದರೂ ಸಾಲದು.

ಇದನ್ನೆಲ್ಲ ಓದಿ ‘ಹಾಗಾದರೆ ಆಮೇಲೆ ಬಂದದ್ದೆಲ್ಲ ಕಡಿಮೆ’ ಅಂದುಕೊಳ್ಳಬೇಡಿ. ಕ್ಯಾಸೆಟ್ ಬಂದ ಮೇಲೆ ಹಾಡು ಹಳ್ಳಿಹಳ್ಳಿಯ ಟೇಪ್ ರೆಕಾರ್ಡರ್‌ಗೆ ಹೋಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಮಾಡಿದಾಗ, ಸಿನಿಮಾದ ಹಂಗಿಲ್ಲದೆ ಭಾವಗೀತೆ ಮನೆಮನೆಗೆ ಬಂತು. ಅದೇ ಹೊತ್ತಿಗೆ ‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಚಂದ್ರಶೇಖರ ಕಂಬಾರರ ಆ ಹಾಡಿನಲ್ಲಿ ಹತ್ತಿರವೂ ಇಲ್ಲ, ಮೆತ್ತಗೂ ಇಲ್ಲ. ದನಿ ಕುದುರೆಯ ಹಾಗೇ ಓಡುತ್ತದೆ. 1987ರಲ್ಲಿ ಹಂಸಲೇಖ ಅವರು ‘ಪ್ರೇಮಲೋಕ’ದಲ್ಲಿ ಮಾತನ್ನೇ ಹಾಡು ಮಾಡಿದರು. ಆಗ ಹರೆಯದಲ್ಲಿದ್ದವರನ್ನು ಕೇಳಿ, ಅವರ ಕಣ್ಣು ಹೊಳೆಯುವುದು ಅದಕ್ಕೆ. ಅವರದೂ ಸುಳ್ಳಲ್ಲ. ಬೇರೆ ಯಂತ್ರ, ಬೇರೆ ಕೋಣೆ, ಬೇರೆ ದೂರ.

ಇನ್ನು ನೀವು ಮಾಡಬಹುದಾದ್ದು. ಒಳ್ಳೆಯ ಪ್ರತಿ ಹುಡುಕುವಾಗ ‘ಹೊಸದಾಗಿ ಮಾಡಿದ್ದು’, ‘ಜೋರು ಶಬ್ದ’ ಅಂತ ಹೆಸರಿಟ್ಟದ್ದನ್ನು ಬಿಡಿ. ಸ್ವಲ್ಪ ಸುಯ್ ಅನ್ನುತ್ತಿದ್ದರೂ ಪರವಾಗಿಲ್ಲ. ಮನೆಯಲ್ಲೋ ನೆಂಟರಲ್ಲೋ ಹಳೆಯ ರೆಕಾರ್ಡಿದ್ದರೆ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಡಿ. 78ರ ಅರಗು ಅದರಲ್ಲಿ ಕರಗುತ್ತದೆ. ತಟ್ಟೆ ಕಾಯ್ದ ಜಾಗದಲ್ಲಿದ್ದರೆ ಬಾಗುತ್ತದೆ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಇಳಿಸಲು ಕೊಡುವಾಗ ‘ಮೋನೋ ಆಗಿಯೇ ಇಳಿಸಿ, ಮೊದಲು ಏನೂ ಶುದ್ಧ ಮಾಡದ ಒಂದು ಪ್ರತಿ ಕೊಡಿ’ ಅಂತ ಕೇಳಿ. ಮೋನೋ ರೆಕಾರ್ಡನ್ನು ಸ್ಟೀರಿಯೋ ಮುಳ್ಳಿನಲ್ಲಿ ನುಡಿಸಿ ಎಡ ಬಲ ಎರಡೂ ಕಡೆಯ ಶಬ್ದವನ್ನು ಒಂದಾಗಿ ಕೂಡಿಸಿದರೆ ಚರಪರ ಶಬ್ದದಲ್ಲಿ ಒಂದಷ್ಟು ತಾನಾಗೇ ಕಳೆಯುತ್ತದೆ. ದನಿಗೆ ಏನೂ ಆಗುವುದಿಲ್ಲ. ಇಷ್ಟು ಮಾಡಿದರೆ ಬಹಳ ಸಲ ಬೇರೆ ಶುದ್ಧಿಯೇ ಬೇಕಾಗುವುದಿಲ್ಲ.

ಆಮೇಲೆ ಕೇಳುವ ರೀತಿ. ಇಯರ್‌ಫೋನು ಕಿವಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೇಳುವುದು ಇದ್ದೇ ಇದೆ. ಒಂದು ಸಲವಾದರೂ ಸುಮ್ನೆ ಕೂತು, ಒಂದೇ ಹಾಡನ್ನು ಮೂರು ಸಲ ಕೇಳಿ. ಮೊದಲ ಸಲ ಏನೂ ಮಾಡಬೇಡಿ. ಎರಡನೆಯ ಸಲ ಗಾಯಕಿಯನ್ನು ಬಿಟ್ಟು ಹಿಂದಿನ ಪಿಟೀಲನ್ನೋ ತಬಲಾವನ್ನೋ ಹಿಡಿದುಕೊಂಡು ಹೋಗಿ. ಅವರು ಯಾವಾಗ ತಗ್ಗುತ್ತಾರೆ, ಯಾವಾಗ ಮುಂದೆ ಬರುತ್ತಾರೆ ನೋಡಿ. ಮೂರನೆಯ ಸಲ ಪದದ ಕೊನೆಗಳನ್ನು ಮಾತ್ರ ಕೇಳಿ. ನಿಮ್ಮ ‘ಬಾನಲ್ಲೂ ನೀನೆ’ಯ ಪಲ್ಲವಿಯಲ್ಲಿ ‘ನೀನೆ’ ಮತ್ತೆ ಮತ್ತೆ ಬರುತ್ತದಲ್ಲ, ಪ್ರತಿ ಸಲ ಆ ಕೊನೆಯ ‘ನೆ’ ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಮುಗಿಯುತ್ತದೆ ಗಮನಿಸಿ. ರಾಜನ್-ನಾಗೇಂದ್ರ ಸಹೋದರರು ಎಷ್ಟು ಸರಳವಾದ ಸಾಲು ಕಟ್ಟಿ ಗಾಯಕಿಗೆ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ಆಗ ತಿಳಿಯುತ್ತದೆ. ಅದೇ ಚಿತ್ರದ ಎಸ್.ಪಿ.ಬಿ. ಅವರ ‘ಎಲ್ಲಿರುವೆ’ಯನ್ನೂ ಇದರ ಬೆನ್ನಿಗೇ ಕೇಳಿ. 1967ರಲ್ಲಿ ‘ನಕ್ಕರೆ ಅದೇ ಸ್ವರ್ಗ’ದಿಂದ ಕನ್ನಡಕ್ಕೆ ಬಂದ ಹುಡುಗ ಒಂಬತ್ತು ವರ್ಷದಲ್ಲಿ ದನಿಯಲ್ಲಿ ನಗುವನ್ನೂ ಹಂಬಲವನ್ನೂ ಒಟ್ಟಿಗೆ ಇಡಲು ಕಲಿತಿದ್ದಾರೆ.

ಕೊನೆಗೆ ನಿಮ್ಮ ತಂದೆಯವರ ಹಾಡು. ಅದನ್ನು ಅವರಿಗೆ ವಾಪಸ್ ಕೇಳಿಸಬಹುದು ಅಂತ ನನಗೆ ಅನಿಸುತ್ತದೆ. ವೇಗ ಸರಿಯಿರುವ ಮೋನೋ ಪ್ರತಿ ಹಿಡಿಯಿರಿ. ಫೋನಿನ ಸ್ಪೀಕರ್ ಬೇಡ. ಒಂದೇ ಒಂದು ಸ್ಪೀಕರ್ ತೆಗೆದುಕೊಳ್ಳಿ, ಮರದ ಪೆಟ್ಟಿಗೆಯದಾದರೆ ಇನ್ನೂ ಒಳ್ಳೆಯದು. ಈಕ್ವಲೈಸರ್ ಇದ್ದರೆ 5,000 ಹರ್ಟ್ಜ್‌ನಿಂದ ಮೇಲಿನದ್ದನ್ನು ಪೂರ್ತಿ ಇಳಿಸಿಬಿಡಿ. ಶಬ್ದ ಕಡಿಮೆ ಇಡಿ. ಸ್ಪೀಕರನ್ನು ಅವರ ಮುಂದೆ ಇಡಬೇಡಿ. ಪಕ್ಕದ ಕೋಣೆಯಲ್ಲಿಟ್ಟು ಬಾಗಿಲನ್ನು ಅರ್ಧ ತೆರೆದಿಡಿ. ಹೇಳದೆ ಕೇಳದೆ ಹಾಡು ಹಾಕಿ ಬಂದು ಅವರ ಹತ್ತಿರ ಕೂತುಕೊಳ್ಳಿ. ಹಾಡು ಮುಗಿದ ಮೇಲೆ ಅವರು ಏನಂದರು ಅಂತ ನನಗೂ ಬರೆದು ತಿಳಿಸಿ.